ಸ್ಮಾರ್ಟ್ ಕ್ಲಾಸ್ ಕಂಪನಿಯವರು ಶಾಲೆಗೆ ಬಂದಾಗ

ಜೂನ್ ಬಂದರೆ ಸಾಕು, ಮಳೆಗಿಂತ ಮುಂಚೆ ಇವರು ಬರುತ್ತಾರೆ. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಟ್ಯಾಬು, ಕುತ್ತಿಗೆಯಲ್ಲಿ ಐಡಿ ಕಾರ್ಡು. "ಮೇಡಂ, ಐದೇ ನಿಮಿಷ" ಅನ್ನುತ್ತಾರೆ. ಹಾಗಂದವರು ಊಟದ ಬೆಲ್ ಹೊಡೆಯುವ ಮುಂಚೆ ಎದ್ದು ಹೋಗಿದ್ದನ್ನು ನಾನಂತೂ ಕಂಡಿಲ್ಲ.

ನಾನು ಅರಸೀಕೆರೆ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಆರು ವರ್ಷದಿಂದ ಮುಖ್ಯ ಶಿಕ್ಷಕಿಯ ಕೆಲಸವೂ ನನ್ನ ತಲೆ ಮೇಲೇ ಇದೆ. ಕನ್ನಡ ಮಾಧ್ಯಮ, ಎಂಟರಿಂದ ಹತ್ತರವರೆಗೆ 137 ಮಕ್ಕಳು. ಒಂದು ಸಲ ಡೆಮೊ ನೋಡಿ ಮರುಳಾಗಿ ಹಳೇ ವಿದ್ಯಾರ್ಥಿಗಳು ಕೊಟ್ಟ ದುಡ್ಡು ಹಾಕಿ ಸ್ಮಾರ್ಟ್ ಕ್ಲಾಸ್ ಕೊಂಡೆವು, ಅಂದರೆ ಬೆರಳಲ್ಲಿ ಮುಟ್ಟಿ ನಡೆಸುವ ದೊಡ್ಡ ಪರದೆ (ಪ್ಯಾನೆಲ್), ಅದರೊಳಗೆ ತುಂಬಿದ ಪಾಠಗಳು. ಮೂರನೇ ವರ್ಷಕ್ಕೆ ಕಂಪನಿ ಬಾಗಿಲು ಹಾಕಿತು. ಪಾಠಗಳ ಮೇಲೆ ಬೀಗದ ಚಿತ್ರ ಬಂದು ಕೂತಿತು. ಈಗ ಅದು 75 ಇಂಚಿನ ಟಿವಿ. ಪೆನ್‌ಡ್ರೈವ್ ಹಾಕಿದರೆ ವಿಡಿಯೊ ಓಡುತ್ತದೆ, ಅಷ್ಟೆ. ಎರಡನೇ ಸಲ ಹಾಗಾಗಬಾರದು ಅಂತ ನಾನು ಮಾಡಿಕೊಂಡ ಪದ್ಧತಿ ಇಲ್ಲಿದೆ. ಬೇರೆ ಶಾಲೆಯ ಮುಖ್ಯ ಶಿಕ್ಷಕರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಒಂದೇ ಸಲ ಬರೆದು ಹಾಕಿದರೆ ವಾಸಿ ಅನ್ನಿಸಿತು.

ಅವರು ಬರುವ ಮುಂಚೆ

ಟೀಚರುಗಳನ್ನೆಲ್ಲ ಕೂರಿಸಿಕೊಂಡು ಒಂದು ಹಾಳೆ ತೆಗೆಯಿರಿ. ನಮಗೆ ಎಲ್ಲಿ ತೊಡಕಾಗುತ್ತಿದೆ ಅಂತ ಬರೆಯಿರಿ. "ಡಿಜಿಟಲ್ ಆಗಬೇಕು" ಅಂತ ಬರೆದರೆ ಅದು ಏನೂ ಬರೆಯದಂತೆಯೇ. ನಮ್ಮ ಹಾಳೆಯಲ್ಲಿ ಮೂರೇ ವಿಷಯ ಇತ್ತು. ಎಂಟನೇ ಕ್ಲಾಸಿಗೆ ಸೇರುವ ಅರ್ಧದಷ್ಟು ಮಕ್ಕಳಿಗೆ ಭಾಗಾಕಾರ ಬರುವುದಿಲ್ಲ. ವಿಜ್ಞಾನದ ಲ್ಯಾಬಿನಲ್ಲಿ ಕರೆಂಟ್ ಅಳೆಯುವ ಆಮ್ಮೀಟರ್ ಕೆಟ್ಟು ಎಷ್ಟೋ ಕಾಲವಾಗಿದೆ. ಹತ್ತನೇ ಕ್ಲಾಸಿನವರಿಗೆ ಅಧ್ಯಾಯವಾರು ಕಿರುಪರೀಕ್ಷೆ ಮಾಡಿ ತಿದ್ದುವುದಕ್ಕೆ ಟೈಮ್ ಸಿಗುವುದಿಲ್ಲ. ಇಷ್ಟು ಸ್ಪಷ್ಟ ಇದ್ದರೆ ಅವರು ಬಂದು ರೋಬೋಟ್ ತೋರಿಸಿದರೂ ನೀವು ಜಾರುವುದಿಲ್ಲ.

ಆಮೇಲೆ ಪುಕ್ಕಟೆ ಏನೇನು ಸಿಗುತ್ತದೆ ಅಂತ ಮೊದಲು ನೋಡಿ. ಇದನ್ನು ಮಾಡದೆ ದುಡ್ಡಿನ ಮಾತಿಗೆ ಇಳಿಯಲೇಬೇಡಿ. ನಮ್ಮ ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಇದೆ. ಅದನ್ನು ಸ್ಕ್ಯಾನ್ ಮಾಡಿದರೆ ದೀಕ್ಷಾ ಅನ್ನುವ ಪಾಠಗಳ ಜಾಲತಾಣ ತೆರೆಯುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ್ದು. ಒಳಗಿನ ವಿಡಿಯೊಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವು ನಿದ್ದೆ ಬರಿಸುತ್ತವೆ. ನೀವೇ ಆರಿಸಿಕೊಳ್ಳಬೇಕು. ವಿಜ್ಞಾನಕ್ಕೆ ಫೆಟ್ ಸಿಮ್ಯುಲೇಶನ್‌ಗಳಿವೆ, ಪರದೆ ಮೇಲೇ ಪ್ರಯೋಗ ಮಾಡಿ ನೋಡಬಹುದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದು. ಅದರಲ್ಲಿ ಹಲವು ಕನ್ನಡದಲ್ಲೇ ಇವೆ, ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ನಮ್ಮ ಆಮ್ಮೀಟರಿನ ಕಥೆ ಅರ್ಧ ಅಲ್ಲೇ ಬಗೆಹರಿಯಿತು. ರೇಖಾಗಣಿತಕ್ಕೆ ಜಿಯೋಜೀಬ್ರಾ. ಕೆಳಗಿನ ತರಗತಿಯ ಲೆಕ್ಕಕ್ಕೆ ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ ಬಿಲ್ಡಿಂಗ್ ಬ್ಲಾಕ್ಸ್ ಆ್ಯಪ್. ಕಥೆ ಓದಿಸಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. ಗಣಿತದ ಅಭ್ಯಾಸಕ್ಕೆ ಖಾನ್ ಅಕಾಡೆಮಿಯ ಕನ್ನಡ ಆವೃತ್ತಿ. ಇವು ಯಾವುದಕ್ಕೂ ಒಂದು ರೂಪಾಯಿ ಕೊಡಬೇಕಿಲ್ಲ.

ಈಗ ಕಂಪನಿಯವರನ್ನು ಕೇಳುವ ಮೊದಲನೇ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. "ಇದೆಲ್ಲ ನನ್ನ ಹತ್ತಿರ ಆಗಲೇ ಇದೆ. ನೀವು ಜಾಸ್ತಿ ಏನು ಕೊಡುತ್ತೀರಿ?" ಉತ್ತರ ಇರುವ ಕಂಪನಿಗಳೂ ಇವೆ. ಮಗು ಎಲ್ಲಿ ಎಡವುತ್ತಿದೆ ಅಂತ ಲೆಕ್ಕ ಹಿಡಿದು ಟೀಚರಿಗೆ ತೋರಿಸುವುದು, ಪಾಠಕ್ಕೆ ತಕ್ಕಂತೆ ಎಲ್ಲವನ್ನೂ ಒಂದು ಕಡೆ ಜೋಡಿಸಿಡುವುದು, ಕೆಟ್ಟರೆ ಬಂದು ರಿಪೇರಿ ಮಾಡುವುದು, ಇವಕ್ಕೆ ಬೆಲೆ ಇದೆ. ಬರೀ ವಿಡಿಯೊಗೆ ಇಲ್ಲ.

ಡೆಮೊ ಅವರದಲ್ಲ, ನಿಮ್ಮದು

ಬಂದವರೆಲ್ಲ ತೋರಿಸುವುದು ಒಂದೇ. ಬಡಿದುಕೊಳ್ಳುವ ಹೃದಯ, ಸುತ್ತುವ ಸೌರಮಂಡಲ, ಸಿಡಿಯುವ ಜ್ವಾಲಾಮುಖಿ. ಮಕ್ಕಳು "ಹೋ" ಅನ್ನುತ್ತಾರೆ, ಆಡಳಿತ ಮಂಡಳಿಯವರು ತಲೆಯಾಡಿಸುತ್ತಾರೆ. ನಾನೂ ಹಾಗೇ ಆಡಿಸಿದವಳು. ಈಗ ನಾನು ಹೃದಯ ತೋರಿಸಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಪಾಠ ನೀವು ಆರಿಸಿ. ಮೂರು ಪಾಠ ಸಾಕು. ಒಂದು ಗಣಿತ, ಒಂದು ವಿಜ್ಞಾನ, ಒಂದು ಸಮಾಜ. ಸಮಾಜ ಬಿಡಲೇಬೇಡಿ. ಕಾರಣ ಇದೆ. ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನದ ಪುಸ್ತಕಗಳು ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಅನುಸರಿಸುತ್ತವೆ. ಹಾಗಾಗಿ ಸಿಬಿಎಸ್‌ಇ ಶಾಲೆಗೆ ಅಂತ ಮಾಡಿದ ಸರಕಿಗೆ ಕನ್ನಡದ ಅಂಗಿ ತೊಡಿಸಿದರೆ ಹೆಚ್ಚುಕಡಿಮೆ ಹೊಂದಿಬಿಡುತ್ತದೆ. ಸಮಾಜ ವಿಜ್ಞಾನದ ಪುಸ್ತಕ ಮಾತ್ರ ರಾಜ್ಯದ್ದೇ. ಕಿತ್ತೂರು ಚೆನ್ನಮ್ಮ, ಸುರಪುರ, ಹಲಗಲಿಯ ಬೇಡರು ಬರುವ ಹತ್ತನೇ ಕ್ಲಾಸಿನ ಪಾಠ ತೆಗೆಯಿರಿ ಅಂದೆ ಒಬ್ಬರಿಗೆ. ಹುಡುಕಿದರು, ಮತ್ತೆ ಹುಡುಕಿದರು, ಕೊನೆಗೆ ಫ್ರೆಂಚ್ ಕ್ರಾಂತಿ ತೆರೆದು "ಇದು ತುಂಬಾ ಚೆನ್ನಾಗಿದೆ ಮೇಡಂ" ಅಂದರು. "ರಾಜ್ಯ ಪಠ್ಯಕ್ರಮಕ್ಕೆ ನೂರಕ್ಕೆ ನೂರು ಹೊಂದುತ್ತದೆ" ಅನ್ನುವ ಮಾತಿನ ಬಣ್ಣ ಅಲ್ಲೇ ಬಯಲಾಯಿತು.

ಇನ್ನು ಭಾಷೆ. ಇದನ್ನು ಯಾರೂ ನೋಡುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ, ನಮ್ಮ ಜಿಲ್ಲೆಯವನೇ, ಮಾತು ಚೆನ್ನಾಗಿತ್ತು. ವರ್ಗ ಸಮೀಕರಣ ತೆರೆಯಪ್ಪ ಅಂದೆ. ತೆರೆದ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಸಮೀಕರಣದ ಬೇರುಗಳನ್ನು ಹುಡುಕಿ" ಅಂತ ಬಂತು.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು. "ಮೇಡಂ, ತಾಯಿಬೇರಾ ತಂತುಬೇರಾ?"

ಕ್ಲಾಸೇ ನಕ್ಕಿತು. ಆ ಹುಡುಗ ಮಾತ್ರ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗದೆ ನಿಂತಿದ್ದ. ನಮ್ಮ ಪುಸ್ತಕದಲ್ಲಿ ಅದು "ಮೂಲಗಳು". ಇಂಗ್ಲಿಷಿನ "ರೂಟ್" ಪದವನ್ನು ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿಸಿ, ಕನ್ನಡ ಬಲ್ಲ ಗಣಿತದ ಮೇಷ್ಟ್ರೊಬ್ಬರಿಗೆ ತೋರಿಸದೆ ಹಾಗೇ ತುಂಬಿದ್ದರು. ವಿದ್ಯುತ್ ಪಾಠಕ್ಕೆ ಹೋದರೆ "ಮಂಡಲಕ್ಕೆ ಎರಡು ಜೀವಕೋಶಗಳನ್ನು ಜೋಡಿಸಿ" ಅಂತಿತ್ತು. ಬ್ಯಾಟರಿಯ "ಸೆಲ್" ಜೀವಕೋಶವಾಗಿತ್ತು. ನಗು ಬರುತ್ತದೆ, ನಿಜ. ಆದರೆ ಮನೆಯಲ್ಲಿ ಒಂಟಿಯಾಗಿ ಓದಿಕೊಳ್ಳುವ ಮಗು ಯಾರನ್ನು ಕೇಳಬೇಕು? ಪರೀಕ್ಷೆಯ ಪೇಪರಿನಲ್ಲಿ "ಮೂಲಗಳ ಸ್ವಭಾವ ತಿಳಿಸಿ" ಅಂತ ಬಂದರೆ ಆ್ಯಪಿನಲ್ಲಿ ಓದಿದ ಮಗುವಿಗೆ ಅದು ಬೇರೆಯೇ ಪಾಠ.

ಅದಕ್ಕೆ ಈ ಪರೀಕ್ಷೆ ನೀವೂ ಮಾಡಿ. ಪಠ್ಯಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ಹತ್ತು ಪದ ಹೊಂದಿಸಿ ನೋಡಿ. ಮೂಲ, ಘಾತ, ಸಮಾಂತರ ಶ್ರೇಢಿ, ಮಸೂರ, ದರ್ಪಣ, ರೋಧ, ಹೀಗೆ. ಮತ್ತೆ ಹುಡುಕುವ ಜಾಗದಲ್ಲಿ ಕನ್ನಡದಲ್ಲೇ "ದರ್ಪಣ" ಅಂತ ಟೈಪ್ ಮಾಡಿ. ಪಾಠ ಒಳಗೇ ಇದ್ದರೂ ಏನೂ ಸಿಗಲಿಲ್ಲ ಅಂತ ಬಂದರೆ, ಅಕ್ಷರ ಯುನಿಕೋಡಿನಲ್ಲಿ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಇದೆಯಾ ಅಂತ ಕೇಳಿ. ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಚಿತ್ರದ ಹಾಗೆ ಅಂಟಿಸಿದ್ದರೆ ಹೀಗಾಗುತ್ತದೆ. ಇನ್ನೊಂದು, ಅವರ ಪ್ರಶ್ನೆ ಬ್ಯಾಂಕಿನಿಂದ ಒಂದು ಪೇಪರ್ ತೆಗೆಸಿ ಊರಿನ ಜೆರಾಕ್ಸ್ ಅಂಗಡಿಗೆ ಕಳಿಸಿ ಪ್ರಿಂಟ್ ಹಾಕಿಸಿ. ಪರದೆ ಮೇಲೆ ಚೆನ್ನಾಗಿದ್ದ "ವರ್ಗ" ಕಾಗದದ ಮೇಲೆ ಬರುವಾಗ ಅರ್ಕಾವತ್ತು ಒಂದು ಕಡೆ, ಗಕಾರ ಒಂದು ಕಡೆ ಆಗಿರುವುದನ್ನು ಕಂಡಿದ್ದೇನೆ.

ಯಾವ ಕೋಣೆಯಲ್ಲಿ ತೋರಿಸಬೇಕು ಅನ್ನುವುದನ್ನೂ ನೀವೇ ಹೇಳಿ. ನನ್ನ ಆಫೀಸಿನಲ್ಲಿ ಅಲ್ಲ, ಹತ್ತನೇ ಕ್ಲಾಸಿನಲ್ಲಿ. ಅದರ ಪಡುವಣದ ಕಿಟಕಿಯಿಂದ ಮೂರು ಗಂಟೆಗೆ ಬಿಸಿಲು ನೇರ ಗೋಡೆಗೆ ಬೀಳುತ್ತದೆ. ಪ್ರೊಜೆಕ್ಟರ್ ತಂದವರು ಅಲ್ಲೇ ಬೆವರಿದರು. ಅವರ ಮೊಬೈಲ್ ಹಾಟ್‌ಸ್ಪಾಟ್ ಆಫ್ ಮಾಡಿಸಿ. ನಿಮ್ಮ ಶಾಲೆಯ ನೆಟ್ ಹೇಗಿದೆಯೋ ಅದರಲ್ಲೇ ಓಡಲಿ. ಒಂದು ಸಲ ಮೇನ್ ಸ್ವಿಚ್ ಆರಿಸಿ ಹಾಕಿ, ಮತ್ತೆ ಶುರುವಾಗಲು ಎಷ್ಟು ನಿಮಿಷ ಹಿಡಿಯುತ್ತದೆ ನೋಡಿ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎಂಟು ನಿಮಿಷ ಅದಕ್ಕೇ ಹೋದರೆ ಯಾವ ಟೀಚರೂ ಎರಡನೇ ವಾರ ಅದನ್ನು ಮುಟ್ಟುವುದಿಲ್ಲ. ಮುಖ್ಯವಾಗಿ, ಮೌಸು ಅವರ ಕೈಯಲ್ಲಿ ಇರಬಾರದು. ನಮ್ಮಲ್ಲಿ ಹಿಂದಿ ಟೀಚರಿಗೆ ಮೊಬೈಲ್ ಅಂದರೆ ಸ್ವಲ್ಪ ಅಳುಕು. ಅವರಿಗೇ ಕೊಟ್ಟೆ. ಅವರು ಹತ್ತು ನಿಮಿಷದಲ್ಲಿ ಒಂದು ಪಾಠ ತೆರೆಯಲು ಆದರೆ ಎಲ್ಲರಿಗೂ ಆಗುತ್ತದೆ.

ತಾರೀಕು ಮುಂದೆ ಹಾಕಿ ನೋಡಿ

ಕಂಪನಿ ಎಷ್ಟು ದೊಡ್ಡದು ಅನ್ನುವುದನ್ನು ನೋಡಿ ಸಮಾಧಾನ ಪಡಬೇಡಿ. ಎಜುಕಾಂಪ್ 1994ರಲ್ಲಿ ಶುರುವಾಗಿ ದೇಶದ ಸಾವಿರಾರು ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್ ಹಾಕಿದ ಕಂಪನಿ. 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆ್ಯಪಿನಲ್ಲಿ ಪಾಠ ಮಾರುವ ನಮ್ಮ ಬೆಂಗಳೂರಿನ ಬೈಜೂಸ್‌ಗೆ 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಿದ್ದರು. ಎರಡೇ ವರ್ಷಕ್ಕೆ, 2024ರ ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ ಸುಮಾರು 158 ಕೋಟಿ ಬಾಕಿಯ ವಿಷಯದಲ್ಲಿ ಅದೂ ದಿವಾಳಿ ಪ್ರಕ್ರಿಯೆಗೆ ಬಂತು. ಅಷ್ಟು ದೊಡ್ಡವರದೇ ಹೀಗೆ ಅಂದರೆ, ಹಾಸನದಲ್ಲಿ ಒಂದು ಕೋಣೆಯ ಆಫೀಸು ಇಟ್ಟುಕೊಂಡವರ ಐದು ವರ್ಷದ ಭರವಸೆಗೆ ಎಷ್ಟು ತೂಕ ಕೊಡಬೇಕು ಅಂತ ನೀವೇ ಹೇಳಿ.

ಅದಕ್ಕೆ ಕೇಳಬೇಕಾದ ಪ್ರಶ್ನೆ "ನೀವು ಐದು ವರ್ಷ ಇರುತ್ತೀರಾ" ಅನ್ನುವುದಲ್ಲ. ಇರುತ್ತೇವೆ ಅಂತಲೇ ಹೇಳುತ್ತಾರೆ. "ನೀವು ಇಲ್ಲದ ದಿನ ನನ್ನ ಪರದೆ ಮೇಲೆ ಏನು ತೆರೆಯುತ್ತದೆ?" ಅಂತ ಕೇಳಿ. ಕೇಳಿ ಸುಮ್ನೆ ಬಿಡಬೇಡಿ, ಮಾಡಿಸಿ. ಪ್ಯಾನೆಲ್ಲಿನ ಸೆಟ್ಟಿಂಗ್ಸಿಗೆ ಹೋಗಿ, ನೆಟ್ ತೆಗೆದು, ತಾರೀಕನ್ನು ಆರು ವರ್ಷ ಮುಂದಕ್ಕೆ ಹಾಕಿ, ಪಾಠ ತೆರೆಯಿರಿ. ನಾನು ಮೊದಲ ಸಲ ಇದನ್ನು ಮಾಡಲು ಹೋದಾಗ "ಅಯ್ಯೋ, ಅದು ಮಾಡಬೇಡಿ ಮೇಡಂ, ಸಿಸ್ಟಮ್ ಹಾಳಾಗುತ್ತದೆ" ಅಂದರು. ಹಾಳಾಗಲಿಲ್ಲ. ಬೀಗದ ಚಿತ್ರ ಬಂತು. ನನಗೆ ಪರಿಚಯದ ಚಿತ್ರವೇ.

ಬಾಡಿಗೆಗೆ ಕೊಟ್ಟಿದ್ದು ಅಂತ ಗೊತ್ತಿದ್ದರೆ ಬೀಗ ಬಿದ್ದರೂ ತಪ್ಪಲ್ಲ. ಕೊಂಡುಕೊಂಡೆವು ಅಂದುಕೊಂಡು ಬಾಡಿಗೆ ಕಟ್ಟುವುದು ತಪ್ಪು. ಪ್ಯಾನೆಲ್ ಬೇರೆ, ಪಾಠ ಬೇರೆ ಅಂತ ಎರಡು ಕೊಟೇಶನ್ ಕೇಳಿ. ಪ್ಯಾನೆಲ್ಲಿಗೆ ಯಾವ ಲ್ಯಾಪ್‌ಟಾಪನ್ನು ಬೇಕಾದರೂ ಕೇಬಲ್ ಹಾಕಿ ಜೋಡಿಸುವಂತಿರಬೇಕು. ಅಡ್ಮಿನ್ ಪಾಸ್‌ವರ್ಡ್ ಮೊದಲ ದಿನವೇ ಶಾಲೆಯ ಕೈಗೆ ಬರಬೇಕು. ನಾವು ಅದನ್ನು ಸ್ಟಾಕ್ ರಿಜಿಸ್ಟರಿನಲ್ಲೇ ಬರೆದಿಟ್ಟಿದ್ದೇವೆ.

ದುಡ್ಡಿನ ಮಾತು

"ಪ್ಯಾನೆಲ್ ಫ್ರೀ ಮೇಡಂ, ಮಗುವಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಸಾಕು" ಅಂದರೆ ಕಿವಿ ನೆಟ್ಟಗೆ ಮಾಡಿಕೊಳ್ಳಿ. ಒಪ್ಪಂದದ ಒಳಪುಟದಲ್ಲಿ ಕನಿಷ್ಠ ಮಕ್ಕಳ ಸಂಖ್ಯೆ ಅಂತ ಒಂದು ಸಾಲು ಇರುತ್ತದೆ. ನಮಗೆ ಬಂದ ಕರಡಿನಲ್ಲಿ 200 ಅಂತಿತ್ತು. ನಮ್ಮಲ್ಲಿ ಇರುವುದು 137, ಅದೂ ವರ್ಷವರ್ಷ ಇಳಿಯುತ್ತಿದೆ. ಬಸ್ ಬಂದು ಇಂಗ್ಲಿಷ್ ಮಾಧ್ಯಮಕ್ಕೆ ಹತ್ತಿಸಿಕೊಂಡು ಹೋಗುತ್ತದಲ್ಲ. ಇಲ್ಲದ 63 ಮಕ್ಕಳ ದುಡ್ಡನ್ನು ಯಾರು ಕಟ್ಟಬೇಕು? ಆ ಸಾಲು ಹೊಡೆಸಿ, ಇಲ್ಲವೇ ಆ ವರ್ಷದ ದಾಖಲಾತಿಯಷ್ಟೇ ಅಂತ ಬರೆಸಿ.

ಐದು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಅಂತ ಒಂದೇ ಅಂಕಿ ಕೇಳಿ. ಜಿಎಸ್‌ಟಿ, ವಾರಂಟಿ ಮುಗಿದ ಮೇಲಿನ ಎಎಂಸಿ (ವರ್ಷವರ್ಷದ ನಿರ್ವಹಣೆ ಒಪ್ಪಂದ), ಯುಪಿಎಸ್ ಬ್ಯಾಟರಿ, ವೈರಿಂಗ್, ಕಬ್ಬಿಣದ ಸ್ಟ್ಯಾಂಡು ಎಲ್ಲ ಸೇರಿ. ಕೊಟೇಶನ್ನಿನಲ್ಲಿ ಬ್ಯಾಟರಿ ಇರುವುದೇ ಅಪರೂಪ, ಮೊದಲು ಕೈಕೊಡುವುದು ಅದೇ.

ದುಡ್ಡು ಯಾರಿಗೆ ಕಟ್ಟುತ್ತೇವೆ ಅನ್ನುವುದನ್ನೂ ನೋಡಿ. ಕಂತು ಫೈನಾನ್ಸ್ ಕಂಪನಿಗೆ ಹೋಗುತ್ತಿದ್ದರೆ ಅದು ಸಾಲ. ಪಾಠ ನಿಂತರೂ ಸಾಲ ನಿಲ್ಲುವುದಿಲ್ಲ. ಎರಡೂ ಬೇರೆ ಬೇರೆ ಕಾಗದ. ಪೋಷಕರಿಗೂ ಇದನ್ನೇ ಹೇಳಿ. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ ಎಡ್‌ಟೆಕ್ (ಡಿಜಿಟಲ್ ಪಾಠ ಮಾರುವ) ಕಂಪನಿಗಳ ವಿಷಯದಲ್ಲಿ ಎಚ್ಚರ ಅಂತ ಸೂಚನೆ ಕೊಟ್ಟಿತ್ತು. ಖಾತೆಯಿಂದ ತಾನಾಗಿ ದುಡ್ಡು ಕಟ್ ಆಗುವ ಏರ್ಪಾಡಿಗೆ ಒಪ್ಪಬೇಡಿ ಅನ್ನುವುದು ಅದರಲ್ಲಿದ್ದ ಒಂದು ಮಾತು. ಈಗಾಗಲೇ ಒಪ್ಪಿಬಿಟ್ಟಿದ್ದರೆ ಬ್ಯಾಂಕಿಗೆ ಹೋಗಿ ಆ ಮ್ಯಾಂಡೇಟ್ ರದ್ದು ಮಾಡಿಸಬಹುದು. ಆದರೆ ಸಾಲದ ಕಾಗದಕ್ಕೆ ಸಹಿ ಬಿದ್ದಿದ್ದರೆ ಅದನ್ನು ಬೇರೆಯಾಗಿ ಬಗೆಹರಿಸಿಕೊಳ್ಳಬೇಕು. ಕಂಪನಿ ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು.

ಮಕ್ಕಳ ಪಟ್ಟಿ ಕೊಡಬೇಡಿ

ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. "ಉಚಿತ ಸ್ಕಾಲರ್‌ಶಿಪ್ ಪರೀಕ್ಷೆ" ಅಂತ ಒಂದು ಕಂಪನಿಯವರು ಬಂದರು. ಹತ್ತನೇ ಕ್ಲಾಸಿನ ಮಕ್ಕಳ ಹೆಸರು, ಅಪ್ಪಂದಿರ ಮೊಬೈಲ್ ನಂಬರ್ ಕೇಳಿದರು. ಕೊಟ್ಟೆ. ಎಲ್ಲ ಮಕ್ಕಳಿಗೂ ಸ್ಕಾಲರ್‌ಶಿಪ್ ಬಂತು! ಅಂದರೆ 60 ಸಾವಿರದ ಕೋರ್ಸಿಗೆ ರಿಯಾಯಿತಿ. ವಾರದೊಳಗೆ ಮನೆಮನೆಗೆ ಫೋನ್. "ನಿಮ್ಮ ಮಗಳು ಬುದ್ಧಿವಂತೆ, ಈಗ ಸೇರಿಸದಿದ್ದರೆ ನೀವೇ ಅವಳ ಭವಿಷ್ಯ ಹಾಳು ಮಾಡಿದಂತೆ." ಕೊಬ್ಬರಿ ವ್ಯಾಪಾರ ಮಾಡುವ ಒಬ್ಬರು ಟ್ಯಾಬಿಗೆ ಕಂತು ಕಟ್ಟಲು ಒಪ್ಪಿ ಆಮೇಲೆ ನನ್ನ ಮುಂದೆ ಬಂದು ಕೂತರು. "ನೀವೇ ಕಳಿಸಿದ್ದು ಅಂದ್ರು ಮೇಡಂ, ಅದಕ್ಕೆ ಸಹಿ ಹಾಕಿದೆ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಈಗ ನಮ್ಮ ಶಾಲೆಯ ನಿಯಮ ಹೀಗಿದೆ. ಲಾಗಿನ್ ಮಾಡಲು ರೋಲ್ ನಂಬರ್ ಸಾಕು. ಮೊಬೈಲ್ ನಂಬರ್, ಆಧಾರ್, ಸರ್ಕಾರದ ದಾಖಲೆಯಲ್ಲಿ ಮಗುವಿಗೆ ಇರುವ ಎಸ್‌ಎಟಿಎಸ್ ಸಂಖ್ಯೆ, ಜಾತಿ, ಫೋಟೊ ಯಾವುದೂ ಹೋಗುವುದಿಲ್ಲ. ಜಾಸ್ತಿ ಕೇಳಿದರೆ ಯಾಕೆ ಬೇಕು ಅಂತ ಕಾಗದದಲ್ಲಿ ಬರೆದುಕೊಡಿ ಅನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಕಾನೂನೂ ನಮ್ಮ ಕಡೆಗೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳು ಅಂತಲೇ ನೋಡುತ್ತದೆ. ಅವರ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕು, ಮಕ್ಕಳನ್ನೇ ಗುರಿ ಮಾಡಿ ಜಾಹೀರಾತು ತೋರಿಸಬಾರದು ಅನ್ನುತ್ತದೆ. ಇದೊಂದು ಹೆಸರು ನೆನಪಿಟ್ಟುಕೊಂಡು ಮೆಲ್ಲಗೆ ಹೇಳಿ ನೋಡಿ, ಎದುರಿನವರ ದನಿ ಬದಲಾಗುತ್ತದೆ.

ಇನ್ನೊಂದು ಶಾಲೆಗೆ ಹೋಗಿ ಬನ್ನಿ

ಅವರು ಪ್ಯಾನೆಲ್ ಹಾಕಿ ಎರಡು ವರ್ಷವಾದ ಒಂದು ಶಾಲೆಯ ವಿಳಾಸ ಕೇಳಿ. ಹೊಸದಾಗಿ ಹಾಕಿದ್ದು ಬೇಡ, ಹೊಸದು ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. ಹೇಳದೆ ಹೋಗಿ. ಮುಖ್ಯ ಶಿಕ್ಷಕರನ್ನು ಆಮೇಲೆ ನೋಡಿ, ಮೊದಲು ಅಟೆಂಡರನ್ನು ಮಾತಾಡಿಸಿ. ಮುಖ್ಯ ಶಿಕ್ಷಕರಿಗೆ ತಾವು ಕೊಂಡದ್ದು ಸರಿಯಿಲ್ಲ ಅನ್ನಲು ಸಂಕೋಚ, ನನಗೂ ಇತ್ತು. ಅಟೆಂಡರಿಗೆ ಯಾವ ಸಂಕೋಚವೂ ಇಲ್ಲ. ನಾನು ಹೋದ ಒಂದು ಕಡೆ ಪ್ಯಾನೆಲ್ಲಿಗೆ ಹಳೇ ಸೀರೆ ಹೊದಿಸಿದ್ದರು, ಮಡಿಕೆಯಲ್ಲಿ ಧೂಳು ಗೆರೆ ಕಟ್ಟಿತ್ತು. "ಇನ್‌ಸ್ಪೆಕ್ಷನ್ ದಿನ ತೆಗಿತೀವಿ ಮೇಡಂ" ಅಂದ ಅಲ್ಲಿನ ಅಟೆಂಡರ್. ಬೇರೆ ವಿಚಾರಣೆಯೇ ಬೇಕಾಗಲಿಲ್ಲ. ಇನ್ನೊಂದು ಕಡೆ ಪರದೆಯ ಕೆಳಗಿನ ಅರ್ಧ ಪೂರ್ತಿ ಬೆರಳಿನ ಗುರುತು. ಎತ್ತರ ನೋಡಿದರೆ ಮಕ್ಕಳದ್ದೇ. ಆ ಕಂಪನಿಯ ನಂಬರ್ ಬರೆದುಕೊಂಡು ಬಂದೆ.

ಕೊನೆಗೆ, ಒಂದು ತಿಂಗಳು ಇಟ್ಟು ನೋಡದೆ ಕೊಳ್ಳಬೇಡಿ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಅರ್ಧ ದುಡ್ಡು ಪ್ಯಾನೆಲ್ ಹಾಕಿದ ಮೇಲೆ, ಉಳಿದದ್ದು ಒಂದು ಟರ್ಮ್ ಓಡಿದ ಮೇಲೆ. ತರಬೇತಿ ಒಂದು ದಿನ ಸಾಲದು. ಹಾಕಿದ ದಿನ ಒಂದು, ತಿಂಗಳಾದ ಮೇಲೆ ಇನ್ನೊಂದು ಅಂತ ಬರೆಸಿ. ಟೀಚರುಗಳಿಗೆ ಅನುಮಾನ ಹುಟ್ಟುವುದೇ ಎರಡನೇ ತಿಂಗಳಲ್ಲಿ. ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತಾರೆ ಅನ್ನುವುದೂ ಬಾಯಿಮಾತಿನಲ್ಲಿ ಇರಬಾರದು. ಸರ್ಕಾರಿ ಶಾಲೆಯವರಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡವಳಿಯಲ್ಲಿ ಬರಲಿ, ಖರೀದಿಗೆ ಮುಂಚೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ. ನಮ್ಮಂಥವರು ಆಡಳಿತ ಮಂಡಳಿಯ ಠರಾವು ಮಾಡಿಸಿಕೊಳ್ಳಿ.

ಬೇರುಗಳ ಆ ಹುಡುಗನ ವಿಷಯ ಹೇಳಲಿಲ್ಲ, ಅಲ್ವಾ. ಅವನಿಗೆ ನಾನು ತಪ್ಪುಗಳ ಪಟ್ಟಿ ಬರೆದುಕೊಟ್ಟೆ, ಎರಡು ಪುಟ. ಬೇಜಾರು ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ತಿಂಗಳಾದ ಮೇಲೆ ಫೋನ್ ಮಾಡಿದ. "ಮೇಡಂ, ಎಲ್ಲಾ ಸರಿ ಮಾಡ್ಸಿದೀನಿ, ಅಪ್‌ಡೇಟ್ ಹಾಕಿ ನೋಡಿ" ಅಂದ. ಹಾಕಿದೆವು. ಹತ್ತನೇ ಕ್ಲಾಸಿನಲ್ಲಿ ಬೇರುಗಳು ಹೋಗಿ ಮೂಲಗಳು ಬಂದಿದ್ದವು. ಜೀವಕೋಶವೂ ವಿದ್ಯುತ್‌ಕೋಶ ಆಗಿತ್ತು. ಅವರ ಜೊತೆಗೇ ಈಗ ಒಂದು ತಿಂಗಳ ಟ್ರಯಲ್ ನಡೆಯುತ್ತಿದೆ. ಮೊನ್ನೆ ಒಂಬತ್ತನೇ ಕ್ಲಾಸಿನ ಪಾಠ ತೆರೆದರೆ ವರ್ಗಮೂಲ ಇರಬೇಕಾದ ಕಡೆ "ಚದರ ಬೇರು" ಅಂತಿದೆ. ಸೋಮವಾರ ಮತ್ತೆ ಫೋನ್ ಮಾಡಬೇಕು.